ಜಾಗ ಕೇಳಿ ಕೂತ ಬೆಳಕು

ಚಿಕ್ಕೋಡಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ನಲ್ಲಿಗೆ ಸದಾ ಒಂದು ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಅದನ್ನು ಕಟ್ಟಿದವರು ನಮ್ಮ ಅಧ್ಯಾಪಕಿ ಸುನಂದಾ ಮೇಡಂ. ಐನಾಪುರದ ಜೈನ ಮನೆತನದವರಾದ ಅವರು ಗಾಜಿನ ಸಾಮಾನು ತೊಳೆಯುವ ನೀರನ್ನೂ ಸೋಸದೆ ಬಳಸುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲವಾದ್ದರಿಂದ ಸಂಜೆ ಐದಕ್ಕೆ ಸರಿಯಾಗಿ ಡಬ್ಬಿ ಬಿಚ್ಚುತ್ತಿದ್ದರು. ಆಗ ಪ್ರಾಂಶುಪಾಲರು ಹೇಳಿಕಳಿಸಿದರೂ, "ಸೂರ್ಯಾ ನನ್ನ ಸಲುವಾಗಿ ನಿಂದರೂದಿಲ್ಲ ಅಂತ ಸಾಹೇಬ್ರಿಗೆ ಹೇಳು" ಎಂದು ಸಿಪಾಯಿಯನ್ನು ಮರಳಿ ಕಳಿಸುತ್ತಿದ್ದರು.

ದಿಗ್ಗೇವಾಡಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಮೇಡಂ ಎಷ್ಟು ಹೇಳಿದರೂ ಅವರೆದುರು ಕುರ್ಚಿಯಲ್ಲಿ ಕೂರುವ ಧೈರ್ಯ ನನಗೆ ಬಂದಿರಲಿಲ್ಲ. ಎಂ.ಎಸ್ಸಿ.ಯಲ್ಲಿ ಅವರು ಕೊಟ್ಟ ವಿಷಯ, ಹೊಳೆಯುವ ಲೋಹ ಸಂಕೀರ್ಣಗಳು ಡಿಎನ್‌ಎಗೆ ಹೇಗೆ ಅಂಟಿಕೊಳ್ಳುತ್ತವೆ ಎಂಬುದು. ಪುಸ್ತಕದ ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಿದೆ. ಅವರು ನಕ್ಕರು.

"ಅಥಣಿ ಬಸ್ಸಿನ್ಯಾಗ ಇಬ್ಬರು ಕುಂತಿರ್ತಾರ. 'ಜರಾ ಸರೀರ್ರಿ' ಅಂತ ನಡುವ ಸೇರ್ಕೋತೀ ಇಲ್ಲೋ? ಡಿಎನ್‌ಎ ಅಂದ್ರ ಸುರುಳಿ ಏಣಿ. ಅದರ ಎರಡು ಮೆಟ್ಟಲ ನಡುವ ನಮ್ಮ ರುಥೇನಿಯಂ ಸಂಕೀರ್ಣ ಹಂಗ ಸೇರ್ಕೋತೈತಿ. ಬರೇ ನೀರಿನ್ಯಾಗ ಇದ್ರ ಅದರ ಬೆಳಕ ನೀರು ನುಂಗತೈತಿ. ಒಳಗ ಜಾಗಾ ಸಿಕ್ಕಿತಂದ್ರ ನೀರಿನ ಕೈಗೆ ಸಿಗೂದಿಲ್ಲ, ಹೊಳಿತೈತಿ."

"ಅವರು ಸರೀಲಿಲ್ಲಂದ್ರರಿ?" ಎಂದೆ.

"ಸರೀತಾರ. ನೀ ಕೇಳೂದು ಕಲಿ ಮೊದಲ."

ಆ ಡಿಎನ್‌ಎ ಕರುವಿನ ಗ್ರಂಥಿಯಿಂದ ತೆಗೆದದ್ದು. ಹತ್ತಿಯ ಎಳೆಗಳಂತೆ ಸಣ್ಣ ಸೀಸೆಯಲ್ಲಿ ಬರುತ್ತಿತ್ತು. ಸೀಸೆ ತೆರೆಯುವ ಮುನ್ನ ಮೇಡಂ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. "ಒಂದು ಜೀವದ್ದೈತಿ ಇದು. ಒಂದು ಎಳಿನೂ ಹಾಳಾಗಬಾರದು." ತಣ್ಣಗಿನ ದ್ರಾವಣದಲ್ಲಿ ಅದು ತಾನಾಗಿಯೇ ಕರಗಲು ಇಡೀ ದಿನ ಬಿಡಬೇಕೆಂಬುದು ಅವರ ಕಟ್ಟಪ್ಪಣೆ.

ಬಾಹ್ಯ ಪರೀಕ್ಷಕರು ಬರಲು ಎರಡೇ ದಿನ ಉಳಿದಿದ್ದವು. ಹೊಳಪು ಕಾಣದಿದ್ದರೆ ನನ್ನ ಪ್ರಾಜೆಕ್ಟಿಗೆ ಫಲಿತಾಂಶವಿಲ್ಲ, ನಾನು ಪಾಸಾಗುವುದಿಲ್ಲ. ಕಾಯುವ ತಾಳ್ಮೆ ಸಾಲದೆ ನನ್ನ ಪಾಲಿನ ಡಿಎನ್‌ಎಯನ್ನೆಲ್ಲ ಕುದಿಯುವ ನೀರಿನಲ್ಲಿಟ್ಟು ಕರಗಿಸಿ, ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಆರಿಸಿದೆ. ಸಂಕೀರ್ಣ ಬೆರೆಸಿ, ಗಾಜಿನ ನಳಿಗೆಯನ್ನು ಕತ್ತಲೆ ಪೆಟ್ಟಿಗೆಯ ನೀಲಿ ದೀಪದ ಮುಂದೆ ಹಿಡಿದೆ. ಏನೂ ಹೊಳೆಯಲಿಲ್ಲ.

"ಸಂಕೀರ್ಣಾನ ಸರಿ ಇಲ್ಲ ಅನಸ್ತೈತ್ರಿ ಮೇಡಂ," ಎಂದು ಸುಳ್ಳು ಹೇಳಿದೆ.

ಅವರು ನಳಿಗೆಯನ್ನು ನೋಡಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಮುಟ್ಟಿ ನೋಡಿದರು. ಅದಿನ್ನೂ ಬಿಸಿಯಾಗಿತ್ತು.

"ಕಾಯಿಸಿದಿ?"

"ಹೂನ್ರಿ." ನನಗೆ ಅಳು ತಡೆಯಲಾಗಲಿಲ್ಲ.

"ಏಣಿ ಸೀಳಿ ಎರಡು ಮಾಡಿ ಇಟ್ಟೀದಿ. ಮೆಟ್ಟಲಾ ಇಲ್ಲಂದ ಮ್ಯಾಲ ಪಾಪ, ಅದು ಕೂಡೂದೆಲ್ಲಿ? ಮತ್ತ ಅದರ ಮ್ಯಾಲ ತಪ್ಪು ಹಾಕ್ತಿಯಲ್ಲ ಬೇ!"

ಬೈಗುಳ ಅಲ್ಲಿಗೇ ಮುಗಿಯಿತು. ಕಪಾಟಿನಿಂದ ಅವರು ಇನ್ನೊಂದು ಸೀಸೆ ತೆಗೆದರು. ನಿವೃತ್ತಿಗೆ ಮುಂಚೆ ಮುಗಿಸಬೇಕೆಂದಿದ್ದ ಸ್ವಂತ ಪ್ರಯೋಗಕ್ಕಾಗಿ ಅವರು ಎತ್ತಿಟ್ಟುಕೊಂಡಿದ್ದ ಕೊನೆಯ ಸೀಸೆ ಅದು.

"ಅದು ನಿಮ್ದರಿ, ಮೇಡಂ..."

"ನಂದೇನ ಓಡಿ ಹೋಗ್ತೈತಿ? ಘಾಯಿ ಗಡಬಡಿ ಮಾಡಬ್ಯಾಡ. ಅಳೂದು ನಿಲ್ಲಲಿ, ಆಮ್ಯಾಲ ತೂಗು."

ನನ್ನ ಅಳು ನಿಲ್ಲುವವರೆಗೂ ಅವರು ಪಕ್ಕದಲ್ಲೇ ನಿಂತಿದ್ದರು. ತೂಗಿ, ದ್ರಾವಣಕ್ಕೆ ಹಾಕಿ, ಫ್ರಿಜ್ಜಿನಲ್ಲಿಟ್ಟು ತಿರುಗುವಷ್ಟರಲ್ಲಿ ಕಿಟಕಿಯ ಹೊರಗೆ ಹೊತ್ತು ಮುಳುಗಿತ್ತು. ಮೇಜಿನ ಮೇಲೆ ಅವರ ಡಬ್ಬಿ ಬಿಚ್ಚದೆ ಉಳಿದಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಗಮನಿಸಿ, "ನಾಳೆ ಮತ್ತ ಹುಟ್ಟತಾನ ತಗೋ ಸೂರ್ಯಾ," ಎಂದರು.

ಮರುದಿನ ಸಂಜೆ ನಳಿಗೆ ಕೆಂಡದಂತೆ ಹೊಳೆಯಿತು. ನಾನು ಪಾಸಾದೆ. ಆ ವರ್ಷವೇ ಮೇಡಂ ನಿವೃತ್ತರಾಗಿ ಐನಾಪುರಕ್ಕೆ ಹೋದರು. ಅವರ ಪ್ರಯೋಗ ಅರ್ಧಕ್ಕೇ ನಿಂತಿತು.

ಈಗ ಅದೇ ಪ್ರಯೋಗಾಲಯದಲ್ಲಿ ನಾನು ಅತಿಥಿ ಉಪನ್ಯಾಸಕಿ. ನಲ್ಲಿಯ ಬಟ್ಟೆಯನ್ನು ನಾನೇ ಬದಲಿಸುತ್ತೇನೆ. ಹೋದ ತಿಂಗಳು ಅವರ ಪ್ರಯೋಗವನ್ನು ಮುಗಿಸಿ, ಒಂದು ನಳಿಗೆ ಮತ್ತು ನೀಲಿ ಟಾರ್ಚನ್ನು ಚೀಲದಲ್ಲಿಟ್ಟುಕೊಂಡು ಐನಾಪುರಕ್ಕೆ ಹೋದೆ. ಮೇಡಂ ಮಂಚದ ನಡುವೆ ಕೂತಿದ್ದರು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ದಪ್ಪ ಕನ್ನಡಕ ಬಂದಿತ್ತು. ನಳಿಗೆ ಕಂಡಿದ್ದೇ ಮಟಮಟ ಮಧ್ಯಾಹ್ನವೇ ಬಾಗಿಲು, ಕಿಟಕಿ ಮುಚ್ಚಿಸಿದರು.

"ಕಾಯಿಸಿಲ್ಲ, ಹೌದಿಲ್ಲೋ?"

"ಇಲ್ರಿ. ಎರಡು ದಿನಾ ಬಿಟ್ಟಿದ್ದೆ."

ಟಾರ್ಚ್ ಹಚ್ಚಿದೆ. ಅವರ ಕನ್ನಡಕದ ಎರಡೂ ಗಾಜಿನಲ್ಲಿ ಕೆಂಪು ಬೆಳಕು ಮೂಡಿತು. ನಾನು ಎಂದಿನಂತೆ ನಿಂತೇ ಇದ್ದೆ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಕೇಳಿದೆ.

"ಜರಾ ಸರೀರ್ರಿ, ಮೇಡಂ."

ಅವರು ನಗುತ್ತಾ ಸರಿದರು.