ದುರ್ಬೀನಿನ ಕೆಳಗಿನ ಅಕ್ಷತೆ

ಅಕ್ಷತೆಯ ಒಂದು ಚೂರು—ಪೂರ್ತಿ ಕಾಳೂ ಅಲ್ಲ, ಮುರಿದ ನುಚ್ಚು, ಕುಂಕುಮ ಹತ್ತಿ ಕೆಂಪಾದದ್ದು. ಬಂದೂಕಿಗೂ ಅದರ ಮೇಲೆ ಕೂಡಿಸಿದ ದುರ್ಬೀನಿಗೂ ನಡುವೆ, ಹಿಂದಿನ ತಿರುಪಿನ ಪಕ್ಕದಲ್ಲಿ ಅದು ಚಪ್ಪಟೆಯಾಗಿ ಅಂಟಿಕೊಂಡಿತ್ತು. ತಲೆಯ ಪಿನ್ನು ತೆಗೆದು ಅದನ್ನು ಕೆದಕಿದೆ, ಊದಿದೆ, ಸುಮ್ಮನಾದೆ. ನನ್ನ ಕಾಕಾ ತಮ್ಮ ಕಣ್ಣು ಹೋದವೆಂದು ಮೂರು ವರ್ಷ ನಂಬಿದ್ದರು. ನಾನು ನಂಬಗೊಟ್ಟೆ.

ನನ್ನ ತಪ್ಪು ಇಷ್ಟೇ. ಇಷ್ಟೇ ಎಂದು ಬರೆದೊಡನೆ ಅದು ಸಣ್ಣದಾಗಿ ಕಾಣುತ್ತದೆ—ಆದ್ದರಿಂದ ಉಳಿದದ್ದನ್ನೂ ಬರೆಯಬೇಕು.

ಬಾಳಪ್ಪ ಕಾಕಾ ನನ್ನ ತಂದೆಯ ತಮ್ಮ. ಮಸಗುಪ್ಪಿಯಲ್ಲಿ ಅವರ ಹೊಲಮನೆ. ನಾನು ಪುಣೆಯಲ್ಲಿ ಭೌತಶಾಸ್ತ್ರ ಓದಿ ಬಂದು ಗೋಕಾಕದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ರಜೆ ಬಂದರೆ ಕಾಕಾನ ಮನೆಯೇ ನನ್ನ ಮನೆ. ಸುತ್ತಲಿನ ಊರುಗಳಲ್ಲಿ ಪರವಾನಿಗೆಯ ಬಂದೂಕು ಇದ್ದದ್ದು ಅವರೊಬ್ಬರಲ್ಲಿಯೇ. ಶೇಂಗಾ ಬಲಿಯುವ ಹೊತ್ತಿಗೆ ಕಾಡುಹಂದಿ ಹೊಲಕ್ಕಿಳಿದರೆ ತುಕ್ಕಾನಟ್ಟಿಯಿಂದ, ಅರಭಾವಿಯಿಂದ ಜನ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. ಕಾಕಾ ರುಮಾಲು ಸುತ್ತಿಕೊಂಡು ಹೊರಡುವುದನ್ನು ನೋಡಬೇಕಿತ್ತು—ಮದುವೆಗೆ ಹೊರಟಂತೆ! ಹೊಡೆದ ಹಂದಿ ಹೊಲದವರ ಪಾಲು. ಕಾಕಾನ ಪಾಲಿಗೆ ಬರುತ್ತಿದ್ದದ್ದು ಹೆಸರು ಮಾತ್ರ, ಅದನ್ನು ಅವರು ಬೇರೆ ಯಾವುದಕ್ಕಿಂತಲೂ ಜೋಪಾನವಾಗಿ ಇಟ್ಟುಕೊಂಡಿದ್ದರು.

ಬಂದೂಕಿಗೊಂದು ದುರ್ಬೀನು ತರಿಸಬೇಕೆಂಬ ಆಸೆ ಅವರದು. ಮುಂಬಯಿಯ ಅಂಗಡಿಯವರು ಕಳಿಸಿದ್ದ ಚಿತ್ರಗಳನ್ನು ಪಡಸಾಲೆಯಲ್ಲಿ ಹರಡಿಕೊಂಡು ಕುಳಿತೆವು. ಕಾಕಾನ ಬೆರಳು ನೇರವಾಗಿ ಎಲ್ಲಕ್ಕಿಂತ ದೊಡ್ಡದರ ಮೇಲೆ ಹೋಯಿತು.

“ಇದು ಎಂಟ ಪಟ್ಟ ದೊಡ್ಡದ ಮಾಡಿ ತೋರಸ್ತೈತಂತ. ಇದ ಇರಲಿ.”

“ಹಂದಿ ಎಂಟ ಪಟ್ಟ ದೊಡ್ಡದ ಕಂಡ್ರ ನಿಮ್ಮ ಎದಿನೂ ಎಂಟ ಪಟ್ಟ ಹೊಡ್ಕೊಂತೈತಿ, ನೋಡ್ಕೋರಿ,” ಎಂದು ಅವರ ಹೆಂಡತಿ ನೀಲವ್ವ ಕಾಕು ಒಳಗಿನಿಂದಲೇ ಅಂದರು.

ನಾನು ನಕ್ಕೆ, ಆಮೇಲೆ ಗಂಭೀರವಾಗಿ ವಿವರಿಸಿದೆ—ವಿವರಿಸುವುದು ನನಗೆ ಬಹಳ ಇಷ್ಟವಿತ್ತು. ದೊಡ್ಡದಾಗಿ ತೋರಿಸಿದಷ್ಟೂ ಕಾಣುವ ಬಯಲು ಕಿರಿದಾಗುತ್ತದೆ. ಓಡುವ ಹಂದಿಯನ್ನು ಅದರೊಳಗೆ ಹುಡುಕುವಷ್ಟರಲ್ಲಿ ಅದು ಪಕ್ಕದ ಊರು ಸೇರಿರುತ್ತದೆ. ಹಂದಿ ಬರುವುದು ಮುಸ್ಸಂಜೆಗೆ. ಮುಂದಿನ ಗಾಜು ಅಗಲವಾಗಿದ್ದು ಪಟ್ಟು ಕಡಿಮೆಯಿದ್ದರೆ ಆ ಮಬ್ಬಿನಲ್ಲಿಯೂ ಬೆಳಕು ಕಣ್ಣು ತುಂಬುತ್ತದೆ. ಒಳಗಿನ ಗುರುತು ಕೂದಲೆಳೆಯಂಥ ಗೆರೆಗಳಾದರೆ ಕತ್ತಲಿಗೆ ಮಾಯವಾಗುತ್ತವೆ. ಕೆಳಗಿನಿಂದ ಏಳುವ ದಪ್ಪ ಮೊನೆಯೇ ಬೇಕು. ನಾಲ್ಕು ಪಟ್ಟಿನದು ಸಾಕು ಎಂದೆ. ಕಾಕಾ ಎಂಟರ ಕಡೆಗೆ ಒಮ್ಮೆ ಆಸೆಯಿಂದ ನೋಡಿ, “ಆತು, ನೀ ಶಾಣ್ಯಾಕಿ,” ಎಂದರು.

ಅದು ಬಂದ ಮೇಲೆ ಕೂಡಿಸಿದವಳೂ ನಾನೇ. ಗಾಜು ಕಣ್ಣಿನಿಂದ ನಾಲ್ಕು ಬೆರಳು ದೂರವಿರುವಂತೆ ಹಿಂದೆ ಮುಂದೆ ಸರಿಸಿ ನೋಡಿದೆ. ಹತ್ತಿರವಾದರೆ ಬಂದೂಕು ಒದ್ದಾಗ ಹುಬ್ಬು ಹರಿಯುತ್ತದೆ. ಆಮೇಲೆ ಹೊಲದ ಒಡ್ಡಿಗೆ ಮಸಿಯ ವೃತ್ತ ಬರೆದ ಕಾಗದ ಹಚ್ಚಿ, ನೂರು ಹೆಜ್ಜೆ ಹಿಂದೆ ಜೋಳದ ಚೀಲದ ಮೇಲೆ ಬಂದೂಕು ಊರಿ, ಕಾಕಾ ಹೊಡೆಯುವುದು, ನಾನು ಹೋಗಿ ತೂತು ನೋಡಿ ಬಂದು ತಿರುಪು ತಿರುಗಿಸುವುದು. ಗುಂಡುಗಳೆಲ್ಲ ಮಸಿಯೊಳಗೆ ಒಂದರ ಪಕ್ಕ ಒಂದು ಕೂತ ದಿನ ಕಾಕಾ ಆ ಕಾಗದವನ್ನು ಊರೆಲ್ಲ ತೋರಿಸಿ ಬಂದರು. “ನಮ್ಮ ಶಾಂತಾ ಕೂಡಿಸಿದ್ದು,” ಎಂದು ಪ್ರತಿ ಮನೆಯಲ್ಲಿಯೂ. ನಾನು ಮಾತು ಕಡಿಮೆಯವಳು, ಹೊಗಳಿದರೆ ಎದ್ದು ಹೋಗುವವಳು. ಆದರೆ ಆ ದಿನ ಎದ್ದು ಹೋಗಲಿಲ್ಲ.

ನಂತರ ದಸರೆ ಬಂತು. ನವಮಿಯ ಖಂಡೇ ಪೂಜೆಗೆ ಕುಡಗೋಲು, ಕೊಡಲಿ, ಕುಂಟೆಯ ಕುಡಗಳ ಸಾಲಿನಲ್ಲಿ ಬಂದೂಕನ್ನೂ ತೊಳೆದು ಮಣೆಯ ಮೇಲೆ ಇಡುವುದು ನಮ್ಮ ಮನೆಯ ರೂಢಿ. ಕಾಕು ತಂಬಿಗೆ ನೀರು ಹಿಡಿದು ಬಂದದ್ದು ನೋಡಿ ನಾನು ಓಡಿದೆ. ಗಾಜಿನೊಳಗೆ ನೀರು ಇಳಿದರೆ? ಅರಿಷಿಣ ಹತ್ತಿದರೆ? ತಿರುಪು ಬಿಚ್ಚಿ ದುರ್ಬೀನನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡೆ.

“ಯಾಕವಾ, ಅದಕ್ಕ ಪೂಜಿ ಬ್ಯಾಡೇನು? ಅದೇನ ಸಾಹೇಬರ ಮನ್ಯಾಗ ಹುಟ್ಟೇತೇನು?”

“ಹೌದರಿ ಕಾಕು, ಅದು ಖರೇನ ಅಲ್ಲೇ ಹುಟ್ಟೇತಿ,” ಎಂದೆ. ಎಲ್ಲರೂ ನಕ್ಕರು. ಕಾಕು ಅದರ ಖಾಲಿ ಜಾಗಕ್ಕೇ ಕುಂಕುಮ ಹಚ್ಚಿ ಅಕ್ಷತೆ ಹಾಕಿದರು.

ಸಂಜೆ ಒರೆಸಿ ಮತ್ತೆ ಕೂಡಿಸಿದೆ. ಒಮ್ಮೆ ಬಿಚ್ಚಿ ಕೂಡಿಸಿದ ದುರ್ಬೀನನ್ನು ಮತ್ತೆ ಕಾಗದಕ್ಕೆ ಹೊಡೆದು ನೋಡದೆ ನಂಬಬಾರದು—ಇದು ನನಗೆ ಗೊತ್ತಿತ್ತು. ಕಾಕಾನಿಗೂ ಅನ್ನಿಸಿತ್ತು. ಬಾಗಿಲಲ್ಲಿ ನಿಂತು ಕೇಳಿದರು, “ಒಂದ ಗುಂಡ ಹಾರಿಸಿ ನೋಡೂಣೇನ ತಂಗಿ?”

“ಬ್ಯಾಡ್ರಿ ಕಾಕಾ. ನಾ ಗುರುತು ನೋಡೇ ಕೂಡಿಸೇನಿ. ಎಳ್ಳಷ್ಟೂ ಸರದಿಲ್ಲ.”

ಎಳ್ಳಷ್ಟು! ಅಡಿಯಲ್ಲಿ ಇದ್ದದ್ದೂ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು.

ಮರುದಿನ ಬನ್ನಿ ಮುರಿದು ಬಂದ ಮೇಲೆ ಊರ ಸೀಮೆ ದಾಟಿ ಆ ಸುಗ್ಗಿಯ ಮೊದಲ ಹಂದಿಗೆ ಗುಂಡು ಹಾಕುವುದು ಕಾಕಾನ ಪದ್ಧತಿ; ಹೊಸ ಅಂಗಿ ತೊಟ್ಟ ಊರಿನ ಗಂಡಸರೆಲ್ಲ ಹಿಂದೆ. ನಾವು ಹೆಂಗಸರು ಮಾಳಿಗೆಯ ಮೇಲೆ. ಸತ್ತೆಪ್ಪನ ಶೇಂಗಾ ಹೊಲದ ಅಂಚಿನಲ್ಲಿ ಹಂದಿ ನಿಂತಿತ್ತು, ಚಿತ್ರಕ್ಕೆ ನಿಂತ ಹಾಗೆ. ಕಾಕಾ ಊರಿ ಹೊಡೆದರು. ಗುಂಡು ಅದರ ಬೆನ್ನ ಮೇಲಿಂದ ಹೋಗಿ ಆಚೆಯ ಒಡ್ಡಿನಲ್ಲಿ ಧೂಳೆಬ್ಬಿಸಿತು. ಇನ್ನೊಂದು ಹೊಡೆದರು, ಅದೂ ಮೇಲಿಂದಲೇ. ಹಂದಿ ಅವಸರವಿಲ್ಲದೆ ಸತ್ತೆಪ್ಪನ ಹೊಲವನ್ನು ಉದ್ದಕ್ಕೂ ತುಳಿದುಕೊಂಡು ಹೋಯಿತು.

“ಬಾಳಪ್ಪಣ್ಣಾ,” ಸತ್ತೆಪ್ಪನ ದನಿ ಮಾಳಿಗೆಗೂ ಕೇಳಿಸಿತು, “ಹಂದಿಗಿ ಸಲಾಮ ಹೊಡದ್ಯಲ್ಲೋ! ಬನ್ನಿನೂ ಕೊಟ್ಟ ಬಿಡಬೇಕಿತ್ತು—ಬಂಗಾರದಂಗ ಇರೂಣು ಅಂತ!”

ನಗೆ ಊರಿನವರೆಗೂ ಬಂತು. ನಾನೂ ನಕ್ಕೆನೆಂದು ನೆನಪು—ಅದನ್ನು ಮುಚ್ಚಿಡಲಾರೆ. ಕಾಕಾ ಮನೆಗೆ ಬಂದು ಬಂದೂಕನ್ನು ನನ್ನ ಕೈಗೆ ಕೊಟ್ಟು, “ನಿನ್ನ ದುರ್ಬೀನ ಬರೋಬರಿ ಐತಿ ತಂಗಿ. ನನ್ನ ಕಣ್ಣ ಹ್ವಾದೂ,” ಎಂದಷ್ಟೇ ಹೇಳಿದರು.

ಆಗ ಒಳಗೊಯ್ದು ಬಿಚ್ಚಿದೆ. ಆಗ ಕಂಡದ್ದು ಆ ಕೆಂಪು ನುಚ್ಚು. ಹಿಂದಿನ ತುದಿ ಅಷ್ಟು ಎತ್ತರವಾದರೆ ನೂರು ಹೆಜ್ಜೆಯಲ್ಲಿ ಗುಂಡು ಎಷ್ಟು ಮೇಲೆ ಹೋಗಬೇಕು—ಲೆಕ್ಕ ತಾನಾಗಿ ತಲೆಯಲ್ಲಿ ನಡೆಯಿತು, ಸರಿಯಾಗಿಯೂ ಬಂತು. ಪಡಸಾಲೆಗೆ ಹೋಗಿ ಹೇಳುವುದಕ್ಕೆ ಹತ್ತು ಮಾತು ಸಾಕಿತ್ತು. ಆದರೆ “ನಮ್ಮ ಶಾಂತಾ ಕೂಡಿಸಿದ್ದು”—ಊರೆಲ್ಲ ತೋರಿಸಿಬಂದ ಆ ಕಾಗದ—

ಹೇಳಲಿಲ್ಲ.

ಇದಕ್ಕಿಂತ ಕೆಟ್ಟದ್ದು ಹುಕ್ಕೇರಿಯಲ್ಲಿ ನಡೆಯಿತು. ಅಲ್ಲಿಯ ಕಣ್ಣಿನ ವೈದ್ಯರಲ್ಲಿಗೆ ಕಾಕಾನನ್ನು ಕರೆದುಕೊಂಡು ಹೋದವಳು ನಾನೇ. ವೈದ್ಯರು ನೋಡಿ ನೋಡಿ, ದೂರದ ದೃಷ್ಟಿ ಹುಡುಗರಿಗಿಂತ ಚೆನ್ನಾಗಿದೆ ಎಂದರು. ಚಕ್ಕಡಿಯಲ್ಲಿ ಮರಳುವಾಗ ಕಾಕಾ ಮೆಲ್ಲಗೆ, “ಭಾಳ ಚೊಲೋ ಮನಶ್ಯಾ. ವಯಸ್ಸಾದವರಿಗಿ ಬ್ಯಾಸರ ಮಾಡಬಾರದಂತ ಹಂಗ ಅಂದಾನ,” ಎಂದರು. ನಾನು ಪಕ್ಕದಲ್ಲಿಯೇ ಕುಳಿತು ಎತ್ತಿನ ಗೆಜ್ಜೆ ಕೇಳುತ್ತಿದ್ದೆ.

ಬಂದೂಕು ಗೋಡೆಗೆ ಹೋಯಿತು. ಜನ ಕರೆಯಲು ಬರುವುದನ್ನು ನಿಲ್ಲಿಸಿದರು. ಕಟ್ಟೆ ಖಾಲಿಯಾಯಿತು. ಬನ್ನಿಯ ದಿನ ಕಾಕಾ ಹೊಟ್ಟೆನೋವೆಂದು ಮಲಗತೊಡಗಿದರು. ಕಾಕು ಮಾತ್ರ ಪ್ರತಿ ನವಮಿಗೂ ಆ ಬಂದೂಕನ್ನು ಇಳಿಸಿ ಕುಂಕುಮ ಹಚ್ಚುತ್ತಿದ್ದರು. ನಾನು ಪ್ರತಿ ಸಲವೂ ಬೇರೆ ಏನನ್ನಾದರೂ ನೋಡುತ್ತಿದ್ದೆ.

ಮೂರನೆಯ ವರ್ಷದ ನವಮಿಯ ಸಂಜೆ ಕಾಕಾ, ನಾನು ಕಟ್ಟೆಯ ಮೇಲೆ ಕುಳಿತಿದ್ದೆವು. ದೂರದ ಒಡ್ಡಿನ ಮೇಲೆ ನನಗೆ ಕಂಡದ್ದು ಬರೀ ಧೂಳು.

“ಸತ್ತೆಪ್ಪನ ಎಡಗೋಡ ಮುರದ ಎತ್ತ ಕುಂಟಾಕತ್ತೇತಿ ನೋಡು,” ಎಂದರು ಕಾಕಾ, “ಲಾಳ ಬಿದ್ದಿರಬೇಕು.”

ಬಹಳ ಹೊತ್ತಿನ ಮೇಲೆ ಧೂಳಿನೊಳಗಿಂದ ಒಂದು ಎತ್ತು ಬಂತು. ಎಡಗೋಡು ಮುರಿದಿತ್ತು. ಕುಂಟುತ್ತಿತ್ತು.

ಆಗ ಹೇಳಿದೆ. ಅಕ್ಷತೆ, ಪಿನ್ನು, ಹುಕ್ಕೇರಿ—ಎಲ್ಲವನ್ನೂ, ಅವರ ಮುಖ ನೋಡದೆ. ಕಾಕಾ ಕೇಳಿದ ಮೊದಲ ಪ್ರಶ್ನೆ, “ಕಾಳ ಎಷ್ಟ ದೊಡ್ಡದಿತ್ತು?” ಉಗುರಿನ ತುದಿ ತೋರಿಸಿದೆ. ಅವರು ನಕ್ಕರು, ಕಾಕು ಹೊರಗೆ ಬರುವಷ್ಟು ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು. “ಕೇಳಿದೇನ, ನಿನ್ನ ಅಕ್ಕಿಕಾಳ ಹಂದಿ ಜೀವಾ ಉಳಿಸಿತಂತ!” ಕಾಕು ಕೇಳಿ, “ನಾ ಅಂದಿದ್ನೆಲ್ಲಾ, ದುರ್ಬೀನಕ್ಕೂ ಪೂಜಿ ಮಾಡೂಣಂತ,” ಎಂದು ನನ್ನನ್ನು ದುರುಗುಟ್ಟಿ ನೋಡಿ ಒಳಗೆ ಹೋದರು.

ನಗು ಮುಗಿದ ಮೇಲೆ ಕಾಕಾ ತಮ್ಮ ಅಂಗೈ ನೋಡಿಕೊಳ್ಳುತ್ತ ಕುಳಿತರು.

“ನನಗ ಹೇಳಿದಿ, ಚೊಲೋ ಆತು. ಖರೆ ಆವತ್ತ ನೋಡಿದವ ನಾ ಒಬ್ಬನ ಅಲ್ಲಲಾ, ತಂಗಿ.”

ಹೇಳು ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ನಾನು ಊರಬಾಗಿಲಿನ ಅಗಸಿಗೆ ಹೋದೆ. ಬನ್ನಿಯ ದಿನವಾದ್ದರಿಂದ ಊರಿನ ಗಂಡಸರೆಲ್ಲ ಅಲ್ಲಿಯೇ ಇದ್ದರು. ನಾನು ಬಂದದ್ದು ನೋಡಿ ಮಾತು ನಿಲ್ಲಿಸಿದರು. ಎಲ್ಲರಿಗೂ ಕೇಳುವಂತೆ ಹೇಳಿದೆ. “ಆವತ್ತ ತಪ್ಪಿದ್ದು ಕಾಕಾನ ಕಣ್ಣಲ್ಲ. ನಾ ಕೂಡಿಸಿದ ದುರ್ಬೀನು. ಅದು ನನಗ ಆವತ್ತ ಗೊತ್ತಾಗಿತ್ತು.”

ಯಾರೂ ನಗಲಿಲ್ಲ. ಕಡೆಗೆ ಸತ್ತೆಪ್ಪ ರುಮಾಲು ಸರಿಮಾಡಿಕೊಂಡು ಕೇಳಿದ, “ಹಂಗಾರ ಆ ಸಲಾಮ ಹೊಡದಾಕಿ ನೀನಾ, ಸಾಲಿ ಅಕ್ಕಾರ?”

“ಹೌದು,” ಎಂದೆ, “ನಾನ.”

ಅಲ್ಲಿಂದ ಮನೆಗೆ ಬಂದು, ಒಲೆಯ ಮಸಿಯಿಂದ ಕಾಗದದ ಮೇಲೊಂದು ವೃತ್ತ ಬರೆದೆ. ಅದನ್ನು ಒಡ್ಡಿಗೆ ಹಚ್ಚಿ, ನೂರು ಹೆಜ್ಜೆ ಅಳೆದು, ಜೋಳದ ಚೀಲವನ್ನು ನಾನೇ ಎಳೆದು ತಂದು ಇಟ್ಟು, ಕಾಕಾ ಬರುತ್ತಾರೋ ಇಲ್ಲವೋ ತಿಳಿಯದೆ, ಅದರ ಪಕ್ಕದಲ್ಲಿ ಕುಳಿತು ಕಾದೆ.