ವಿಕ್ಟೋರಿಯನ್ ಕವಿ ಕಿಟಕಿ ಹಾಕಿದ್ದು

ಮೂಡಲಗಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ಗುರುಲಿಂಗಪ್ಪನವರಿಗೆ ಇಪ್ಪತ್ತೆರಡು ವರ್ಷಗಳಿಂದ ಒಂದೇ ಆಸೆ: ಒಬ್ಬನಾದರೂ ವಿದ್ಯಾರ್ಥಿ ಸ್ವಂತ ಬುದ್ಧಿಯಿಂದ ಒಂದು ವಾಕ್ಯ ಬರೆಯಬೇಕು. ಅದಕ್ಕಾಗಿ ಇಪ್ಪತ್ತೆರಡು ವರ್ಷವೂ ಒಂದೇ ನೋಟ್ಸು ಬರೆಸಿದರು. ರೊಮ್ಯಾಂಟಿಕ್ ಕವಿ ನಿಸರ್ಗದಲ್ಲಿ ದೇವರನ್ನು ಕಂಡ. ವಿಕ್ಟೋರಿಯನ್ ಕವಿ ಅದೇ ನಿಸರ್ಗ ನೋಡಿ, ದೇವರಿದ್ದಾನೋ ಇಲ್ಲವೋ ಎಂದು ತಲೆ ಕೆರೆದುಕೊಂಡ. ಗೋಕಾಕ, ಹುಕ್ಕೇರಿಯ ಝೆರಾಕ್ಸ್ ಅಂಗಡಿಗಳಲ್ಲೂ ತಮ್ಮ ನೋಟ್ಸು ಸಿಗುತ್ತದೆಂದು ಬಸ್ಸಿನಲ್ಲಿ ಪಕ್ಕ ಕುಳಿತವರಿಗೆಲ್ಲ ಹೇಳುತ್ತಿದ್ದರು.

ಈ ಸಲ ಇಂಟರ್ನಲ್ ಪೇಪರು ತಿದ್ದುತ್ತ ಕುಳಿತವರು ಮೂರನೆಯದಕ್ಕೇ ಕನ್ನಡಕ ತೆಗೆದರು. ‘ವಿಕ್ಟೋರಿಯನ್ ಕವಿ ಶ್ರದ್ಧೆ ಕಳೆದುಕೊಂಡ, ಕಿಟಕಿ ಹಾಕು, ಆತನ ಎದೆ ಬರಿದಾಯಿತು.’ ನಾಲ್ಕನೆಯದರಲ್ಲೂ ಕಿಟಕಿ. ನಲವತ್ತೊಂದರಲ್ಲಿ ನಲವತ್ತರಲ್ಲೂ ಕಿಟಕಿ! ಎಂದೋ ಕಬ್ಬಿನ ಟ್ರ್ಯಾಕ್ಟರಿನ ಹಾಡಿನ ಗದ್ದಲಕ್ಕೆ ಬೇಸತ್ತು, ನೋಟ್ಸಿನ ನಡುವೆ ಕಿಟಕಿ ಹಾಕಲು ಹೇಳಿದ್ದರು. ಇಂಗ್ಲಿಷ್ ಕ್ಲಾಸಿನ ಮರ್ಯಾದೆ ಕಾಯಲು ಇಂಗ್ಲಿಷಿನಲ್ಲೇ ಹೇಳಿದ್ದರು.

ಮೂರನೆಯ ಪೇಪರು ಬರೆದ ಓಂಕಾರನನ್ನು ಕರೆಸಿದರು.

“ಇದೇನಲೇ, ಕಿಟಕಿ?”

“ಸಿಂಬಲ್ ರೀ ಸರ. ನಂಬಿಕಿ ಹೋದ ಮ್ಯಾಲ ನಿಸರ್ಗ ನೋಡೂದ ಬ್ಯಾಡಂತ ಕಿಟಕಿ ಹಾಕ್ಕೊಂಡಾನ್ರಿ.”

“ಯಾಂವ ಹೇಳಿದ ನಿನಗ?”

“ನೀವ ಬರಸೀರಲ್ರಿ! ಎಲ್ಲಾ ಝೆರಾಕ್ಸಿನ್ಯಾಗೂ ಹಂಗ ಐತಿ.”

“ನಡಿ ಹೊರಗ!”

ಕಿಟಕಿ ಇಲ್ಲದ ಪೇಪರು ಒಂದೇ: ಮೇಲವಂಕಿಯ ಸಂಘಮಿತ್ರಾಳದು. ಅದಕ್ಕೆ ಬೆಳಿಗ್ಗೆಯೇ ‘ನೋಟ್ಸಿನಲ್ಲಿಲ್ಲ’ ಎಂದು ಕೆಂಪು ಗೀಟು ಎಳೆದು, ಹತ್ತಕ್ಕೆ ಮೂರು ಕೊಟ್ಟಿದ್ದರು. ಐದು ಗಂಟೆಗೆ ಮಾರ್ಕ್ಸು ಆಫೀಸಿಗೆ ಹೋಗಬೇಕು. ಅಷ್ಟರಲ್ಲಿ ಅವಳೇ ಬಂದು, ಮೇಜಿನ ಮೇಲಿದ್ದ ತನ್ನ ಪೇಪರು ನೋಡಿದಳು.

“ಮೂರಕ್ಕ ಫೇಲ್ ಆಗ್ತೇನ್ರಿ ಸರ. ತಪ್ಪೇನೈತ್ರಿ?”

“ಏನ್ ಬರದೀಯವಾ, ನೀನ ಹೇಳು.”

“ಗೋಕಾಕ ಫಾಲ್ಸ್ ನೋಡಾಕ ಬಂದಾಂವ ರೊಮ್ಯಾಂಟಿಕ್ ರೀ. ಕೈ ಮುಗದು ಊರಿಗೆ ಹೋಗ್ತಾನ. ಅದ ಹೊಳಿ ಏರಿ ಯಾರ ಮನಿ ಹೊಕ್ಕೈತಿ, ಅಂವ ವಿಕ್ಟೋರಿಯನ್. ಅವಗೂ ಕೈ ಮುಗೀಬೇಕಂತ ಐತ್ರಿ. ಆದ್ರ ಕೈಯಾಗ ತೊಯ್ದ ಹಾಸಿಗಿ.”

ಗುರುಲಿಂಗಪ್ಪನವರು ಕಾಲರು ಸರಿಮಾಡಿಕೊಂಡು, ಉತ್ತರ ಗೊತ್ತಿದ್ದವರಂತೆ ಕೇಳಿದರು:

“ಇದನ್ನ ಯಾರ್ ಕಲಿಸಿದ್ರವಾ?”

“ಯಾರೂ ಇಲ್ರಿ. ನೀವು ನೋಟ್ಸ್ ಬರಸೂ ಮುಂದ ನಾ ಅವ್ವನ ಕೂಡ ಕಳೆ ತಗ್ಯಾಕ ಹೋಗಿದ್ನಿ. ಬರೇ ಪದ್ಯಾ ಓದೀನ್ರಿ.”

ಬರೇ ಪದ್ಯ! ಇಪ್ಪತ್ತೆರಡು ವರ್ಷದಲ್ಲಿ ಇಂಥ ಬೇಜವಾಬ್ದಾರಿ ಯಾರೂ ತೋರಿರಲಿಲ್ಲ. ಅವರು ಮೂರನ್ನು ಹೊಡೆದು ಒಂಬತ್ತು ಬರೆದರು.

“ಒಂದ್ ಯಾಕ ಕಡದ್ರಿ ಸರ?”

“ಕ್ಲಾಸಿಗೆ ಬರಲಾರದ್ದಕ್ಕ!” ಎಂದು ಗುಡುಗಿದರು.