ನಲವತ್ತೊಂದನೇ ಫೋನಿನ ಕೊನೆಯ ಮೆಸೇಜು

ಆಫೀಸಿನಲ್ಲಿ ಅವರನ್ನು ಎಲ್ಲರೂ ‘ಪರ್ಸೆಂಟ್ ಅಕ್ಕ’ ಎನ್ನುತ್ತಿದ್ದರು. ಆ ಹೆಸರಿಟ್ಟವಳು ನಾನೇ. ಈಗ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಆ್ಯಪ್‌ಗಳನ್ನು ಪರೀಕ್ಷಿಸುವುದು ನಮ್ಮಿಬ್ಬರ ಕೆಲಸ. ಕೈಯಲ್ಲಿ ಹಿಡಿಯುವ ಫೋನು ಒಂದೂ ಇಲ್ಲ. ಇರುವುದೆಲ್ಲ ಸರ್ವರ್‌ನೊಳಗಿನ ಇನ್ನೂರು ಸೋಗಿನ ಫೋನುಗಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವು. ಬ್ಯಾಟರಿ ಐದೇ ಇದೆ ಎಂದರೆ ಐದು. ಏನೂ ಹೇಳದಿದ್ದರೆ, ಹುಟ್ಟಿದಾಗಿನಿಂದ ಚಾರ್ಜರ್‌ಗೆ ಸಿಕ್ಕಿಸಿದಂತೆ ನೂರು ತೋರಿಸುತ್ತ ಆರಾಮಾಗಿ ಕೂತಿರುತ್ತವೆ.

ಆ ಆರಾಮವೇ ಅಕ್ಕನ ಮನೆ ಮುರಿಯಿತು. ಫೋನು ಸಾಯುವ ಮುಂಚೆ, ಒಂದು ಪರ್ಸೆಂಟ್ ಉಳಿದಾಗ, ‘ನಾನು ಇಲ್ಲಿದ್ದೇನೆ’ ಎಂದು ಮನೆಯವರಿಗೆ ಜಾಗದ ಸಮೇತ ಮೆಸೇಜು ಕಳಿಸುವ ಆ್ಯಪ್ ಒಂದನ್ನು ಅವರು ಪಾಸು ಮಾಡಿದ್ದರು. ಅಂಕಿಯನ್ನು ಒಂದಕ್ಕೆ ಇಳಿಸಿದರು, ಇನ್ನೂರು ಮೆಸೇಜೂ ಬಂದವು. ಆ ಸೋಗಿನ ಚಾರ್ಜರ್ ಕಳಚಲು ಮಾತ್ರ ಮರೆತಿದ್ದರು. ಚಾರ್ಜರ್ ಇಲ್ಲದ ನಿಜವಾದ ಫೋನು ಇದ್ದಷ್ಟನ್ನು ಉಳಿಸಲು ಇದೂ ಸೇರಿದಂತೆ ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ.

ಅಕ್ಕನ ಗಂಡ ಲಿಫ್ಟ್ ರಿಪೇರಿಯವರು. ದಿನಕ್ಕೆ ಏಳೆಂಟು ಕಟ್ಟಡ. ಹೆಂಡತಿ ಪಾಸು ಮಾಡಿದ್ದೆಂದು ಅದೇ ಆ್ಯಪ್ ಹಾಕಿಸಿಕೊಂಡು ಸಿಕ್ಕಸಿಕ್ಕವರಿಗೆಲ್ಲ ತೋರಿಸುತ್ತಿದ್ದರಂತೆ. ಒಂದು ಮಧ್ಯಾಹ್ನ, ಇನ್ನೂ ಕಟ್ಟುತ್ತಿದ್ದ ಕಟ್ಟಡವೊಂದರ ಲಿಫ್ಟ್ ಗುಂಡಿಗೆ ಬಿದ್ದು ಎಚ್ಚರ ತಪ್ಪಿದರು. ನಾಲ್ಕಕ್ಕೆ ಎಂಟು ನಿಮಿಷವಿರುವಾಗ ಫೋನು ಸತ್ತಿತು. ಮೆಸೇಜು ಬರಲಿಲ್ಲ. ಯಾವ ಕಟ್ಟಡವೆಂದು ಗೊತ್ತಾಗುವಷ್ಟರಲ್ಲಿ ಬೆಳಗಾಗಿತ್ತು. “ಸಂಜೆಯೊಳಗೆ ತಂದಿದ್ರೆ ಉಳಿಸಬಹುದಿತ್ತು” ಎಂದರು ಡಾಕ್ಟರು.

ಹದಿನೈದು ದಿನಕ್ಕೆ ಅಕ್ಕ ಕೆಲಸಕ್ಕೆ ಬಂದರು. ಗಂಡನ ಫೋನಿನಿಂದ ಆ ದಿನದ ದಾಖಲೆಯನ್ನು, ಎಷ್ಟು ಹೊತ್ತಿಗೆ ಎಷ್ಟು ಚಾರ್ಜು, ಯಾವ ಜಾಗ, ಎಲ್ಲವನ್ನೂ ಇಳಿಸಿಕೊಂಡು ನಲವತ್ತೊಂದನೇ ಫೋನಿಗೆ ತುಂಬಿದರು. ಚಾರ್ಜರ್ ಕಳಚಿದರು. ಅಂದಿನಿಂದ ಆ ಫೋನು ಪರದೆಯ ಮೇಲೆ ದಿನಾ ಬೆಳಿಗ್ಗೆ ಅವರ ಮನೆಯಿಂದ ಹೊರಡುತ್ತಿತ್ತು, ಕಟ್ಟಡದಿಂದ ಕಟ್ಟಡಕ್ಕೆ ಅಲೆಯುತ್ತಿತ್ತು, ಹನ್ನೆರಡೂವರೆಗೆ ಒಂದೇ ಕಡೆ ನಿಂತುಬಿಡುತ್ತಿತ್ತು. ಆಮೇಲೆ ಅಂಕಿ ಮಾತ್ರ ಇಳಿಯುತ್ತಿತ್ತು. ಅಕ್ಕ ಮಿಸುಕದೆ ನೋಡುತ್ತಿದ್ದರು. ನಾಲ್ಕಕ್ಕೆ ಎಂಟು ನಿಮಿಷವಿರುವಾಗ ಪರದೆ ಕಪ್ಪು. ಒಂದು ದಿನ ನಾನೇ ಹೇಳಿದೆ:

“ಸಾಕು ಮಾಡಿ ಅಕ್ಕಾ, ಬೇರೆ ಯಾರದ್ದಾದ್ರೂ ದಾಖಲೆ ಹಾಕೋಣ.”

“ಇವರ ಮೆಸೇಜು ಬಂದ್ರೆ ಮಿಕ್ಕೋರದ್ದೂ ಬರುತ್ತೆ ಕಣೇ. ಬರಲೇಬೇಕು” ಎಂದರು.

ಎಂಟು ತಿಂಗಳ ಮೇಲೆ ಆ್ಯಪ್ ಸರಿಹೋಯಿತು. ನಲವತ್ತೊಂದನೇ ಫೋನು ಒಂದು ಪರ್ಸೆಂಟ್‌ಗೆ ಇಳಿಯುತ್ತಲೇ ಅಕ್ಕನ ಫೋನು ಟಣ್ ಎಂದಿತು: ‘ನಾನು ಇಲ್ಲಿದ್ದೇನೆ.’ ನಾವು ಚಪ್ಪಾಳೆ ತಟ್ಟುತ್ತಿದ್ದರೆ ಅವರು ಬ್ಯಾಗು ಹೆಗಲಿಗೇರಿಸಿ ಮೆಸೇಜು ತೋರಿಸಿದ ಜಾಗಕ್ಕೆ ಹೊರಟೇಬಿಟ್ಟರು. ಮರುದಿನವೂ ಹಾಗೆಯೇ. ಅದರ ಮರುದಿನವೂ. ಆ ಕಟ್ಟಡದಲ್ಲೀಗ ಜನ ವಾಸವಿದ್ದಾರೆ. ನಿಮ್ಮ ಮೇಡಂ ಲಿಫ್ಟ್ ಬಾಗಿಲು ತೆರೆದಾಗಲೆಲ್ಲ ಇಳಿದವರ ಬೆನ್ನ ಹಿಂದೆ ಇಣುಕಿ ನೋಡುತ್ತಾರೆ, ಮಕ್ಕಳು ಹೆದರುತ್ತಿವೆ ಎಂದು ಅಲ್ಲಿನ ಕಾವಲುಗಾರ ಆಫೀಸಿಗೇ ಫೋನು ಮಾಡಿ ದೂರಿದ.

ಪರೀಕ್ಷೆ ಒಳ್ಳೆಯದು, ನಿಲ್ಲಿಸುವ ಹಾಗಿಲ್ಲ ಎಂದ ಮ್ಯಾನೇಜರ್, ಮೆಸೇಜು ಹೋಗುತ್ತಿದ್ದ ಅಕ್ಕನ ನಂಬರನ್ನು ತೆಗೆಸಿ ನನ್ನದನ್ನು ಹಾಕಿಸಿದರು. ಅಕ್ಕ ಕೆಂಡವಾದರು.

“ನನ್ನ ಗಂಡ ನಿನಗ್ಯಾಕೆ ಮೆಸೇಜ್ ಮಾಡ್ಬೇಕು?”

ನಗು ಬರಬೇಕಾದ ಮಾತು, ನಗು ಬರಲಿಲ್ಲ. ಆ ವಾರವೇ ಅವರು ಕೆಲಸ ಬಿಟ್ಟರು.

ಮೊದಮೊದಲು ಮೆಸೇಜು ಬಂದ ಕೂಡಲೇ ಅಳಿಸುತ್ತಿದ್ದೆ. ಬರುಬರುತ್ತ ಮೂರೂವರೆಯಾದರೆ ಸಾಕು, ಕೈ ಫೋನಿನ ಕಡೆ ಹೋಗತೊಡಗಿತು. ಯಾರೋ ಬಿದ್ದಲ್ಲಿಂದ ನನ್ನನ್ನೇ ಕರೆಯುತ್ತಿದ್ದಾರೆ, ನಾನು ಕೂತು ಕಾಫಿ ಹೀರುತ್ತಿದ್ದೇನೆ. ನಿನ್ನೆ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆ ಕಟ್ಟಡಕ್ಕೆ ಹೊರಟೆ.

ಲಿಫ್ಟ್ ಮುಂದೆ ಅಕ್ಕ ನಿಂತಿದ್ದರು.

“ಬಂತಾ?” ಎಂದರು.

“ಬಂತು.”

“ಮತ್ತೆ ಇಷ್ಟು ದಿನ ಯಾಕೆ ಬರ್ಲಿಲ್ಲ?” ಎನ್ನುತ್ತ ಅವರು ಪಕ್ಕಕ್ಕೆ ಸರಿದು ನನಗೂ ಜಾಗ ಬಿಟ್ಟರು.